ತೆನೆಹಬ್ಬದಂದು ಶರಾವತಿಯ ನೆನಪು



ಮಾತೆ ಮರಿಯಮ್ಮನವರ ಜನ್ಮೋತ್ಸವದ ಈ ದಿನ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೊಯ್ಯುತ್ತೇವೆ. ಮಳೆಗಾಲದಲ್ಲಿ ನಾವೆಲ್ಲ ಜೋಗಕ್ಕೂ ಹೋಗಿಬರುತ್ತೇವೆ. 830 ಅಡಿ ಆಳದ ಕಮರಿಗೆ ಧುಮುಕುವ ಶರಾವತಿಯನ್ನು ಕಂಡು ದೇವರಿಗೆ ಸ್ತೋತ್ರ ಎನ್ನುತ್ತೇವೆ. ತಿಂಡಿ ಪೊಟ್ಟಣವನ್ನು ಅಲ್ಲೇ ಎಸೆದೂ ಬರುತ್ತೇವೆ!

ಬೇಸಿಗೆಯಲ್ಲಿ ಆ ಬಂಡೆ ಬರಿದಾಗುವುದೇಕೆ? ನೀರು ಮೇಲೆ ಲಿಂಗನಮಕ್ಕಿಯಲ್ಲಿ ನಿಂತು ನಮ್ಮ ಮನೆಯ ದೀಪವಾಗುತ್ತದೆ. 1964ರಲ್ಲಿ ಮುಗಿದ ಆ ಅಣೆಕಟ್ಟಿಗಾಗಿ ಎದ್ದುಹೋದ ಕುಟುಂಬಗಳ ಗದ್ದೆಗಳಲ್ಲಿ ಮತ್ತೆ ತೆನೆ ಮೂಡಲಿಲ್ಲ. ಹಲವರು ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಕಚೇರಿ ಅಲೆದರು. ಅವರನ್ನು ನಾವು ಪ್ರಾರ್ಥನೆಯಲ್ಲಿ ನೆನೆದಿದ್ದೇವೆಯೇ?

ಮಳೆಯನ್ನು ಹೀರಿಕೊಂಡು ಬೇಸಿಗೆಯಲ್ಲಿ ಹಳ್ಳಗಳಿಗೆ ಬಿಟ್ಟುಕೊಡುವುದು ಮೇಲಿನ ಕಾಡಿನ ನೆಲ. ನಮ್ಮ ದೇವಾಲಯದ ಹಿಂದಿನ ಹಳ್ಳವೂ ಹಾಗೆಯೇ ಬದುಕಿದೆ. ಭಾನುವಾರ ಯುವಜನರು ಅದರ ದಂಡೆ ಶುಚಿಗೊಳಿಸುತ್ತಾರೆ. ಬಲಿಪೂಜೆಗೆ ಬರುವಾಗ ಗೋಣಿಚೀಲ ತನ್ನಿ, ನಾವೂ ಬರುತ್ತೇವೆ.