ಬ್ರೇಕ್ ಆಯಿಲ್ ಸುರಿಯುವುದು ರಿಪೇರಿಯಲ್ಲ
(ಬೋಪಾಲಿನಲ್ಲಿ ಸೇರಿದ್ದ ನಮ್ಮ ವಾಹನ ಚಾಲಕ ಬಂಧುಗಳ ಸಭೆಯಲ್ಲಿ ಸಂಘದ ಪರವಾಗಿ ಮಾಡಿದ ಭಾಷಣ)



ಬೋಪಾಲ್ ಎಂದರೆ ಊರಿನವರು ಮಧ್ಯಪ್ರದೇಶದ ಭೋಪಾಲವೆಂದೇ ತಿಳಿಯುತ್ತಾರೆ. ನಮ್ಮದು ಅಹಮದಾಬಾದಿನ ಪಶ್ಚಿಮದ ಅಂಚು. 2020ರಲ್ಲಿ ಮಹಾನಗರಪಾಲಿಕೆಗೆ ಸೇರಿತು. ಇಲ್ಲಿಂದ ಬೆಳಗಿನ ಜಾವ ಇಡ್ಲಿ ಸಾಂಬಾರಿನ ಡಬ್ಬಗಳನ್ನು ಹೇರಿಕೊಂಡು ಸಾಣಂದದ ಕಾರ್ಖಾನೆಗಳ ಕಡೆಗೆ ವ್ಯಾನು ಓಡಿಸುವವರು ನಮ್ಮಲ್ಲಿದ್ದಾರೆ. 1980ರ ದಶಕದಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಮಗ್ಗ ಬಿಟ್ಟು ಸ್ಟಿಯರಿಂಗ್ ಹಿಡಿದವರೂ, ಅವರ ಮಕ್ಕಳೂ ಇದ್ದಾರೆ. ಆದ್ದರಿಂದ ಇಂದು ಸಂಬಳದ ಮಾತನ್ನು ಅರ್ಧ ಗಂಟೆ ಬದಿಗಿಟ್ಟು ಬ್ರೇಕಿನ ಮಾಸ್ಟರ್ ಸಿಲಿಂಡರಿನ ವಿಷಯ ಮಾತನಾಡುತ್ತೇವೆ. ಇದೂ ಹೊಟ್ಟೆಪಾಡಿನ ಮಾತೇ.

ನಮ್ಮ ಸದಸ್ಯರೊಬ್ಬರ ವ್ಯಾನಿನಲ್ಲಿ ಬ್ರೇಕ್ ಆಯಿಲ್ ವಾರವಾರವೂ ಇಳಿಯುತ್ತಿತ್ತು. ಮಾಲೀಕರಿಗೆ ಹೇಳಿದರೆ ಒಂದು ಬಾಟಲಿ ಕೊಡಿಸಿ, "ಕಡಿಮೆಯಾದಾಗ ಹಾಕಿಕೋ ಮಾರಾಯ" ಎಂದರು. ಬಾಟಲಿ ಸೀಟಿನ ಕೆಳಗೆ ಎರಡು ತಿಂಗಳಿತ್ತು. ಒಂದು ದಿನ ಪೆಡಲು ನೆಲಕ್ಕೇ ಹೋಯಿತು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು ಹೇಗೋ ನಿಲ್ಲಿಸಿದರು. ಜೀವ ಉಳಿಯಿತು, ಸಾಂಬಾರು ಚೆಲ್ಲಿತು. ಚೆಲ್ಲಿದ ಸಾಂಬಾರಿನ ದುಡ್ಡನ್ನು ಅವರ ಸಂಬಳದಲ್ಲಿ ಮುರಿದುಕೊಂಡರು! ಆ ದುಡ್ಡು ವಾಪಸು ಬರಲು ಸಂಘ ಮೂರು ಸಲ ಹೋಗಿ ಕೂರಬೇಕಾಯಿತು.

ಬ್ರೇಕ್ ಆಯಿಲ್ ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಲೈನಿಂಗ್ ಸವೆದಂತೆ ತಿಂಗಳುಗಟ್ಟಲೆಯಲ್ಲಿ ಅದರ ಮಟ್ಟ ತುಸು ತಗ್ಗುವುದುಂಟು. ವಾರಕ್ಕೊಮ್ಮೆ ತಗ್ಗಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಮಾಸ್ಟರ್ ಸಿಲಿಂಡರ್ ಎಂದರೇನು? ಚಕ್ಕುಲಿ ಒರಳನ್ನು ನೆನೆಯಿರಿ. ಮೇಲಿನಿಂದ ಒತ್ತಿದರೆ ಹಿಟ್ಟು ಅಚ್ಚಿನ ತೂತಿನಿಂದ ಕೆಳಗಿಳಿಯಬೇಕು. ಒತ್ತುವ ಭಾಗ ಸವೆದು ಸಂದಾದರೆ ಹಿಟ್ಟು ಪಕ್ಕದಿಂದ ಮೇಲಕ್ಕೇ ಏರುತ್ತದೆ. ಎಷ್ಟು ಒತ್ತಿದರೂ ಚಕ್ಕುಲಿ ಬೀಳುವುದಿಲ್ಲ. ಇಲ್ಲಿಯೂ ಹಾಗೆಯೇ. ಪೆಡಲು ತುಳಿದಾಗ ಕೊಳವೆಯೊಳಗೆ ಪಿಸ್ಟನ್ ಮುಂದೆ ಹೋಗಿ ಆಯಿಲನ್ನು ನಾಲ್ಕು ಗಾಲಿಗಳಿಗೆ ಒತ್ತುತ್ತದೆ. ಸಂದು ಬಿಡದಂತೆ ತಡೆಯುವುದು ಪಿಸ್ಟನ್ನಿನ ರಬ್ಬರ್ ವಾಷರು. ಈಗಿನ ಗಾಡಿಗಳಲ್ಲಿ ಒಂದರ ಹಿಂದೊಂದು ಎರಡು ಪಿಸ್ಟನ್ನುಗಳಿವೆ. ಒಂದು ದಾರಿ ಕೆಟ್ಟರೆ ಇನ್ನೊಂದು ಅರ್ಧ ಬ್ರೇಕನ್ನಾದರೂ ಕೊಡುತ್ತದೆ. ಆ ಅರ್ಧ ಬ್ರೇಕನ್ನು ನಂಬಿ ತುಂಬಿದ ವ್ಯಾನನ್ನು ರಿಂಗ್ ರೋಡಿಗೆ ತರುವುದು ಬೇಡ.

ಸೋರಿಕೆ ಎರಡು ಬಗೆ. ಹಿಂದಿನ ವಾಷರು ಹೋದರೆ ಆಯಿಲ್ ಹೊರಗೆ ಬರುತ್ತದೆ: ಪೆಡಲಿನ ಬಳಿ ಕಾರ್ಪೆಟ್ ಒದ್ದೆ, ಸಿಲಿಂಡರಿನ ಬುಡದಲ್ಲಿ ಬಣ್ಣ ಕಿತ್ತಿರುವುದು. ಬೂಸ್ಟರ್ ಇರುವ ಗಾಡಿಯಲ್ಲಾದರೆ ಅದು ಬೂಸ್ಟರಿನ ಹೊಟ್ಟೆಗೆ ಇಳಿಯುತ್ತದೆ, ನೆಲದ ಮೇಲೆ ಒಂದು ಹನಿಯೂ ಕಾಣದು. 2016ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ಇದೇ ದೋಷಕ್ಕಾಗಿ ಸುಮಾರು 2 ಲಕ್ಷ 71 ಸಾವಿರ ಎಫ್-150 ಗಾಡಿಗಳನ್ನು ವಾಪಸು ಕರೆದು ಸಿಲಿಂಡರ್ ಬದಲಿಸಬೇಕಾಯಿತು. ಅಂಥ ಕಂಪನಿಯೇ ಬಾಟಲಿ ಕೊಟ್ಟು ಕಳಿಸಲಿಲ್ಲ.

ಎರಡನೆಯದು ಒಳಸೋರಿಕೆ. ಇದರಲ್ಲಿ ಡಬ್ಬಿಯ ಮಟ್ಟ ಇಳಿಯುವುದಿಲ್ಲ, ಅದೇ ಮೋಸ. ಎಂಜಿನ್ ಚಾಲೂ ಇಟ್ಟು, ಗಾಡಿ ನಿಂತಿರುವಾಗ ಪೆಡಲನ್ನು ಒಂದೇ ಹದದಲ್ಲಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಪಾದದ ಕೆಳಗೆ ಅದು ಮೆಲ್ಲಮೆಲ್ಲನೆ ಕುಸಿಯುತ್ತಾ ಹೋದರೆ, ಹೊರಗೆಲ್ಲೂ ಹಸಿ ಇಲ್ಲದಿದ್ದರೆ, ಒಳಗಿನ ವಾಷರು ಹೋಗಿದೆ.

ನಾವೇ ಬಿಚ್ಚಿ ಜೋಡಿಸಬೇಕೆಂದು ಹೇಳುತ್ತಿಲ್ಲ. ಮೆಕ್ಯಾನಿಕ್ ಮಾಡುವ ಕೆಲಸವನ್ನು ನಿಂತು ನೋಡುವ ಕಣ್ಣು ನಮಗೆ ಬೇಕು. ಬಿಚ್ಚಿದ ಮೇಲೆ ಸಿಲಿಂಡರಿನ ಒಳಗೋಡೆಯನ್ನು ದೀಪ ಹಿಡಿದು ನೋಡಿ. ಕನ್ನಡಿಯಂತಿದ್ದರೆ ವಾಷರಿನ ಕಿಟ್ ಸಾಕು. ಗುಳಿ, ಗೀರು, ತುಕ್ಕು ಕಂಡರೆ ಹೊಸ ಸಿಲಿಂಡರೇ ಆಗಬೇಕು. ಒರಟು ಗೋಡೆಯಲ್ಲಿ ಹೊಸ ವಾಷರು ಬಹಳ ದಿನ ಬಾಳದು. ಅಲ್ಯೂಮಿನಿಯಂ ಸಿಲಿಂಡರನ್ನು ಉಜ್ಜಿ ನುಣುಪು ಮಾಡುತ್ತೇನೆಂದರೆ ಒಪ್ಪಬೇಡಿ. ಮೇಲಿನ ಗಟ್ಟಿ ಪದರವೇ ಹೋಗುತ್ತದೆ. ಸೀಮೆಎಣ್ಣೆ, ಪೆಟ್ರೋಲಿನಲ್ಲಿ ತೊಳೆಯಲು ಬಿಡಲೇಬೇಡಿ. ರಬ್ಬರು ಉಬ್ಬಿ ಕೆಡುತ್ತದೆ. ಹೊಸ ಬ್ರೇಕ್ ಆಯಿಲಿನಲ್ಲೇ ತೊಳೆದು, ಅದರಲ್ಲೇ ಅದ್ದಿ, ಹಳೆಯ ವಾಷರು ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗೆ ಹೊಸದನ್ನು ಕೂರಿಸಬೇಕು.

ಆಯಿಲ್ ಯಾವುದೆಂದು ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಗಾಳಿಯ ತೇವವನ್ನು ಹೀರುವುದು ಅದರ ಗುಣ. ತೆರೆದಿಟ್ಟ ಬಾಟಲಿ ಒಂದು ಮಳೆಗಾಲ ಕಂಡರೆ ಅದು ಗಾಡಿಗೆ ಯೋಗ್ಯವಲ್ಲ.

ಜೋಡಿಸಿದ ಮೇಲೆ ಗಾಳಿ ತೆಗೆಯುವ ಕೆಲಸ. ಸಾಮಾನ್ಯವಾಗಿ ದೂರದ ಗಾಲಿಯಿಂದ, ಅಂದರೆ ಎಡಗಡೆಯ ಹಿಂದಿನದರಿಂದ ಶುರು, ಎ.ಬಿ.ಎಸ್. ಇದ್ದರೆ ಕಂಪನಿಯ ಪುಸ್ತಕದಂತೆ ನಡೆಯಬೇಕು. ಒಬ್ಬರು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲು ಸಡಿಲಿಸಿ, ಗುಳ್ಳೆ ಹೊರಬಿಟ್ಟು, ಬಿಗಿ ಮಾಡಬೇಕು. ಬಿಗಿಯಾಗುವ ಮೊದಲು ಪೆಡಲು ಬಿಟ್ಟರೆ ಗಾಳಿ ಮತ್ತೆ ಒಳಗೆ. ನಡುವೆ ಡಬ್ಬಿ ಬರಿದಾದರೂ ಮೊದಲಿನಿಂದ ಶುರು ಮಾಡಬೇಕು.

ಇನ್ನು ಕಾಯಿದೆಯ ಮಾತು. 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮಿನ ಪ್ರಕಾರ, ಅಪಾಯಕಾರಿ ದೋಷ ತಿಳಿದೂ ಗಾಡಿ ಓಡಿಸಿದವನೂ ತಪ್ಪಿತಸ್ಥ, ಓಡಿಸಗೊಟ್ಟವನೂ ತಪ್ಪಿತಸ್ಥ. ಅದರಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗೆ ಸಜೆ ಇದೆ. ಆದರೆ ಮೊದಲು ಕೈಗೆ ಸಿಗುವುದು ಸ್ಟಿಯರಿಂಗ್ ಹಿಂದಿನವನೇ ತಾನೆ? ಬಾಯಲ್ಲಿ ಹೇಳಿದ್ದು ಸಾಕ್ಷಿಗೆ ನಿಲ್ಲುವುದಿಲ್ಲ. ಮಟ್ಟ ಇಳಿದ ದಿನವೇ ತಾರೀಖು, ಗಾಡಿಯ ನಂಬರು ಬರೆದು ಮಾಲೀಕರ ಮೊಬೈಲಿಗೆ ಕಳಿಸಿ; ಅದರ ನಕಲು ಸಂಘಕ್ಕೂ ಬರಲಿ. ರಿಪೇರಿಯಾಗದೆ ಗಾಡಿ ತೆಗೆಯುವುದಿಲ್ಲವೆಂದು ಅದರಲ್ಲೇ ಬರೆಯಿರಿ. ಆ ಮಾತನ್ನು ನಿಮ್ಮ ಪರವಾಗಿ ಆಡಲು ನಾವು ಬರುತ್ತೇವೆ.

ಈ ಮೇಜಿನ ಮೇಲೆ ಹಳೆಯ ಸಿಲಿಂಡರ್ ಒಂದನ್ನು ತಂದಿಟ್ಟಿದ್ದೇವೆ. ಒಬ್ಬೊಬ್ಬರಾಗಿ ಬಂದು ಒಳಗಿನ ಗೀರನ್ನು ಬೆರಳಿನಿಂದ ಮುಟ್ಟಿ ನೋಡಿ. ಆಯಿಲ್ ಮೆತ್ತಿದ ಕೈಯನ್ನು ಕಣ್ಣಿಗೆ ಒಯ್ಯಬೇಡಿ. ಬಾಗಿಲ ಬಳಿ ನೀರೂ ಸಾಬೂನೂ ಇವೆ.