ಮನೆ ದುರಸ್ತಿಯ ಸಾಲ: ಕಟ್ಟಿಗೆ ಮತ್ತು ಕರೆಂಟಿನ ಲೆಕ್ಕ

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಶಿಬಿರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಸಂದರ್ಭದಲ್ಲಿ ನನ್ನನ್ನು ಕರೆಸಿ ನಾಲ್ಕು ಮಾತನಾಡಲು ಅವಕಾಶ ಕೊಟ್ಟಿದ್ದೀರಿ. ‘ಮನೆಯ ಇಂಧನ ಉಳಿತಾಯಕ್ಕೆ ಸಂಘದ ನೆರವು’ ಎಂಬುದು ಕಾರ್ಯದರ್ಶಿಗಳು ನನಗೆ ಒಪ್ಪಿಸಿದ ವಿಷಯ. ಸಹಕಾರಿ ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹಳ ವರ್ಷ ಕೂತವನಾದ್ದರಿಂದ ನನ್ನ ಮಾತು ಲೆಕ್ಕದ ಮಾತೇ ಆಗುತ್ತದೆ, ಬೇಸರಿಸಬೇಡಿ.

ನಮ್ಮ ನಾಡಿನಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಂದಿನಿಂದಲೂ ಹಳ್ಳಿಯ ಸಂಘ ಅಂದರೆ ಬೆಳೆಸಾಲ, ಬೀಜ, ಗೊಬ್ಬರ ಎಂಬ ಭಾವನೆ ಬೇರೂರಿದೆ. ಮನೆ ರಿಪೇರಿಗೆ ಸಾಲ ಕೇಳಿದರೆ ‘ಅದು ಉತ್ಪಾದಕ ಸಾಲವಲ್ಲ’ ಅಂತ ಅರ್ಜಿ ಬದಿಗಿಡುವುದುಂಟು. ಹೊಸ ಬಣ್ಣಕ್ಕೆ, ಮುಂಬಾಗಿಲ ಕೆತ್ತನೆಗೆ ಸಾಲ ಬೇಡವೆಂದರೆ ನಾನೂ ಒಪ್ಪುತ್ತೇನೆ. ಆದರೆ ಬಚ್ಚಲೊಲೆ?

ನಗಬೇಡಿ. ಮಲೆನಾಡಿನ ಮನೆಯಲ್ಲಿ ಕಟ್ಟಿಗೆ ತಿನ್ನುವ ದೊಡ್ಡ ಬಾಯಿ ಅದು. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಎಷ್ಟೋ ಅಡಿಗೆಮನೆಗೆ ಸಿಲಿಂಡರು ಬಂತು. ಬಚ್ಚಲಿಗೆ ಮಾತ್ರ ಅದು ಬರಲಿಲ್ಲ. ಹಂಡೆಯ ಕೆಳಗೆ ಇಂದಿಗೂ ಉರಿಯುವುದು ಕುಂಟೆ, ಮಟ್ಟೆ, ಸೋಗೆ.

ಒಂದು ಲೆಕ್ಕ ಹೇಳುತ್ತೇನೆ. ಐದು ಜನರ ಸಂಸಾರಕ್ಕೆ ತಲೆಗೆ 20 ಲೀಟರಿನಂತೆ 100 ಲೀಟರ್ ಬಿಸಿನೀರು ಅನ್ನಿ. ಆ ನೀರನ್ನು 20 ಡಿಗ್ರಿ ಏರಿಸಲು 2,000 ಕಿಲೋ ಕ್ಯಾಲೊರಿ ಶಾಖ ಬೇಕು. ಒಂದು ಕಿಲೋ ಒಣ ಕಟ್ಟಿಗೆಯಲ್ಲಿ ಸುಮಾರು 4,000 ಕಿಲೋ ಕ್ಯಾಲೊರಿ ಇರುತ್ತದೆ. ಅಂದರೆ ಕಾಗದದ ಮೇಲೆ ಅರ್ಧ ಕಿಲೋ ಸಾಕು. ನಿಮ್ಮ ಮನೆಯಲ್ಲಿ ಅರ್ಧ ಕಿಲೋದಲ್ಲಿ ಹಂಡೆ ಕಾಯುತ್ತದೆಯೇ? ತಾಯಂದಿರ ಮುಖ ನೋಡಿದರೇ ಉತ್ತರ ಗೊತ್ತಾಗುತ್ತದೆ! ಮೂರು ಕಲ್ಲಿನ ತೆರೆದ ಒಲೆಯಲ್ಲಿ ಶಾಖದ ನೂರಕ್ಕೆ ಹತ್ತು ಪಾಲು ನೀರಿಗೆ ಸೇರಿದರೆ ಹೆಚ್ಚು. ಉಳಿದ ತೊಂಬತ್ತು ಪಾಲು ಗೋಡೆಗೆ, ಗಾಳಿಗೆ, ಹೊಗೆಗೆ. ಹೀಗಾಗಿ ದಿನಕ್ಕೆ ಐದು ಕಿಲೋ ಬೇಕಾಗುತ್ತದೆ.

ಅದೇ ಒಲೆಯ ಒಳಗೆ ಹಂಡೆಯನ್ನು ಅರ್ಧ ಇಳಿಸಿ ಕೂರಿಸಿ, ಸುತ್ತ ಎರಡು ಬೆರಳು ಜಾಗ ಬಿಟ್ಟು ಗೋಡೆ ಎತ್ತಿ, ಕೆಳಗೆ ಕಬ್ಬಿಣದ ಸರಳಿನ ಜಾಲರಿ ಹಾಕಿ, ಗಾಳಿ ಅಡಿಯಿಂದ ಬರುವಂತೆ ಮಾಡಿ, ಹೊಗೆಗೆ ಕೊಳವೆ ಇಟ್ಟರೆ ಬೆಂಕಿ ಹಂಡೆಯ ಮೈಯನ್ನು ಸುತ್ತಿಕೊಂಡು ಹೋಗುತ್ತದೆ. ನೂರಕ್ಕೆ ಇಪ್ಪತ್ತೈದು ಪಾಲು ನೀರಿಗೆ ಸೇರಿದರೂ ಎರಡು ಕಿಲೋ ಸಾಕು. ದಿನಕ್ಕೆ ಮೂರು ಕಿಲೋ ಉಳಿಯಿತು. ವರ್ಷಕ್ಕೆ ಸುಮಾರು ಹನ್ನೊಂದು ಕ್ವಿಂಟಲ್. ಇಪ್ಪತ್ತು ಕಿಲೋದ ತಲೆಹೊರೆ ಲೆಕ್ಕದಲ್ಲಿ ಐವತ್ತೈದು ಹೊರೆ.

‘ಕಟ್ಟಿಗೆ ಬೆಟ್ಟದಲ್ಲಿ ಬಿಟ್ಟಿ ಸಿಗುತ್ತದಲ್ಲ ಸ್ವಾಮಿ’ ಅಂತ ಗಂಡಸರು ಹೇಳುತ್ತಾರೆ. ಆ ಐವತ್ತೈದು ಹೊರೆ ಹೊರುವವರು ಯಾರು, ಹೊಗೆ ಕುಡಿಯುವವರು ಯಾರು ಎಂದು ಕೇಳಿದರೆ ಸಭೆ ಸುಮ್ಮನಾಗುತ್ತದೆ. ಸಾಲದ ಅರ್ಜಿಯಲ್ಲಿ ‘ವಾರ್ಷಿಕ ಆದಾಯ’ ಅಂತ ಒಂದು ಕಾಲಂ ಇದೆ. ಈ ಹೊರೆಗೆ ಕಾಲಂ ಇಲ್ಲ. ಹಾಗಾಗಿ ಸಾಲ ಮಂಜೂರು ಮಾಡುವವನ ಕಣ್ಣಿಗೆ ಇದು ಬೀಳುವುದೇ ಇಲ್ಲ. ಮನೆ ದುರಸ್ತಿ ಅರ್ಜಿಗೆ ಮನೆಯೊಡತಿಯ ಸಹಿಯೂ ಇರಲಿ, ಯಾವ ಕೆಲಸ ಮೊದಲು ಎಂಬುದನ್ನು ಆಕೆಯನ್ನೇ ಕೇಳಲಿ ಎಂಬುದು ನನ್ನ ಮೊದಲ ಸಲಹೆ.

ಒಲೆಯ ವಿಷಯ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ‘ಅಸ್ತ್ರ ಒಲೆ’ ಎಂಬ ಹೆಸರು ಹಿರಿಯರಿಗೆಲ್ಲ ನೆನಪಿರಬೇಕು. 1983ರ ಸುಮಾರಿಗೆ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ತಂದಿತು. ಅದು 2002ರಲ್ಲಿ ನಿಂತುಹೋಯಿತು. ಹಾಗೆ ಕಟ್ಟಿದ ಎಷ್ಟೋ ಒಲೆಗಳು ನಾಲ್ಕೈದು ವರ್ಷವೂ ಬಾಳಲಿಲ್ಲ. ಯಾಕೆ? ಒಲೆ ಎಷ್ಟು ಕಟ್ಟಿದೆವು ಅನ್ನುವ ಲೆಕ್ಕವಿತ್ತು. ಎಷ್ಟು ಉರಿಯುತ್ತಿವೆ ಅನ್ನುವ ಲೆಕ್ಕ ಸರಿಯಾಗಿ ಇಡಲಿಲ್ಲ. ದೊಡ್ಡ ಕುಂಟೆ ತುರುಕಲು ಬಾಯಿ ಅಗಲ ಮಾಡಿಕೊಂಡರು, ಕೊಳವೆಯಲ್ಲಿ ಮಸಿ ಕಟ್ಟಿತು, ಹೊಗೆ ಮತ್ತೆ ಒಳಗೇ ತಿರುಗಿತು. ಸಹಾಯಧನ ಬಂದು ಹೋಯಿತು, ಕೇಳುವವರು ಯಾರೂ ಬರಲಿಲ್ಲ.

ಹಣದ ಕೊರತೆಗಿಂತ ಇದು ದೊಡ್ಡ ಕೊರತೆ ಎಂಬುದು ನನ್ನ ಅಭಿಪ್ರಾಯ. ಸಾಲ ಯಾರು ಬೇಕಾದರೂ ಕೊಟ್ಟಾರು. ಕೆಲಸ ಸರಿಯಾಗಿ ಆಯಿತೇ ಅಂತ ಮನೆಗೆ ಬಂದು ನೋಡುವವರು ಬೇಕು. ಹಳ್ಳಿಯ ಸಹಕಾರ ಸಂಘಗಳ ತವರಾದ ಜರ್ಮನಿಯಲ್ಲಿ, ಅಂದರೆ ರೈಫೈಸನ್ ಮಹಾಶಯರ ನಾಡಿನಲ್ಲಿ, ಸರ್ಕಾರಿ ಬ್ಯಾಂಕೊಂದು ಮನೆಗಳ ಇಂಧನ ಉಳಿತಾಯದ ದುರಸ್ತಿಗೆ ಸಾಲ ಕೊಡುತ್ತದೆ. ಕೆಲಸವನ್ನು ತಜ್ಞರೊಬ್ಬರು ದೃಢಪಡಿಸಿದರೆ ಅಸಲಿನಲ್ಲಿ ಒಂದು ಪಾಲು ಬಿಟ್ಟುಕೊಡುವ ಕ್ರಮವೂ ಇದೆ. ಅಸಲು ಬಿಡುವ ಶಕ್ತಿ ನಮ್ಮ ಸಂಘಕ್ಕಿಲ್ಲ, ಸರಿ. ನೋಡಿ ದೃಢಪಡಿಸುವುದಕ್ಕೆ ಏನಡ್ಡಿ?

ಈಗ ಕರೆಂಟಿಗೆ ಬರೋಣ. ‘ಗೃಹಜ್ಯೋತಿ ಇದೆಯಲ್ಲ, ಉಳಿಸಿ ಏನು ಮಾಡೋಣ’ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ನ್ಯಾಯವಾದ ಪ್ರಶ್ನೆ. ಆದರೆ 2023ರಲ್ಲಿ ಆ ಯೋಜನೆ ತಂದಾಗ ಎಲ್ಲರಿಗೂ 200 ಯೂನಿಟ್ ಎಂದು ಹಂಚಲಿಲ್ಲ. ನಿಮ್ಮ ಮನೆಯ ಹಿಂದಿನ ಬಳಕೆಯ ಸರಾಸರಿಗೆ ಸ್ವಲ್ಪ ಸೇರಿಸಿ ನಿಮ್ಮ ಪಾಲು ಗೊತ್ತುಮಾಡಿದರು. ಪಾಲು ಮೀರಿದ ಯೂನಿಟ್ಟಿಗೆ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು. ಈಗ ಬಚ್ಚಲ ಹೊಗೆ ಬೇಡವೆಂದು ಗೀಸರ್ ಹಾಕಿಸಿದಿರಿ ಅನ್ನಿ. ಅದೇ 100 ಲೀಟರ್ ನೀರಿಗೆ ದಿನಕ್ಕೆ ಎರಡೂಕಾಲು ಯೂನಿಟ್ಟಿಗೂ ಮಿಕ್ಕಿ, ತಿಂಗಳಿಗೆ 70 ಯೂನಿಟ್. ಅರವತ್ತು ಯೂನಿಟ್ ಉರಿಸುತ್ತಿದ್ದ ಮನೆ ಒಮ್ಮೆಲೇ ನೂರಮೂವತ್ತಕ್ಕೆ ಏರುತ್ತದೆ. ಬಿಟ್ಟಿ ಕರೆಂಟು ಗೀಸರಿನ ತನಕ ಬರುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಿ. ಅಂಥವರು ಸೋಲಾರ್ ವಾಟರ್ ಹೀಟರ್ ಹಾಕಿಸುವುದು ಮೇಲು. ಮಳೆಗಾಲಕ್ಕೆ ಹಂಡೆ ಒಲೆ ಇದ್ದೇ ಇರಲಿ. ನಮ್ಮ ಕಡೆಯ ಆಷಾಢದಲ್ಲಿ ಸೂರ್ಯನನ್ನು ನಂಬಿ ಎಣ್ಣೆ ಹಚ್ಚಿಕೊಂಡು ಕೂರಬೇಡಿ!

ಸಣ್ಣ ಕೆಲಸಗಳಿವೆ, ಅವಕ್ಕೆ ಸಾಲವೂ ಬೇಡ. 60 ವ್ಯಾಟಿನ ಹಳೇ ಬಲ್ಬಿನ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಹಳೇ ಫ್ಯಾನು 75 ವ್ಯಾಟ್ ತಿಂದರೆ ಹೊಸ ಬಿಎಲ್‌ಡಿಸಿ ಫ್ಯಾನು 30-35ರಲ್ಲಿ ತಿರುಗುತ್ತದೆ. ಕತ್ತಲೆ ಅಡಿಗೆಮನೆಗೆ ಹಗಲು ದೀಪ ಹಾಕುವ ಬದಲು ಎರಡು ಗಾಜಿನ ಹೆಂಚು ಕೂರಿಸಿ. ತಗಡಿನ ಮಾಡಿನ ಕೆಳಗೆ ಬಿದಿರಿನ ತಟ್ಟಿಯದ್ದೋ ಹಲಗೆಯದ್ದೋ ಒಳಚಾವಣಿ ಬಂದರೆ, ತಾರಸಿಗೆ ಬೇಸಿಗೆಯ ಮುಂಚೆ ಬಿಳಿ ಸುಣ್ಣ ಬಳಿದರೆ ಫ್ಯಾನಿನ ಅವಸರವೇ ಅರ್ಧ ಇಳಿಯುತ್ತದೆ. ದನ ಇರುವ ಮನೆಗೆ ಗೋಬರ್ ಗ್ಯಾಸಿನ ಬಗ್ಗೆ ನಾನು ಹೇಳಬೇಕಿಲ್ಲ. ಎರಡು ಘನಮೀಟರಿನ ದೀನಬಂಧು ಗುಂಡಿಗೆ ದಿನಕ್ಕೆ 50 ಕಿಲೋ ಸಗಣಿ, ಅಂದರೆ ನಾಲ್ಕೈದು ದನ ಬೇಕು. ಕೊಟ್ಟಿಗೆಯಲ್ಲಿ ಒಂದೇ ಎಮ್ಮೆ ಇದ್ದವರಿಗೆ ಗುಂಡಿಯ ಸಾಲ ಕೊಡುವುದು ಸಾಲಗಾರನಿಗೂ ಸಂಘಕ್ಕೂ ಒಳ್ಳೆಯದಲ್ಲ.

ಮಾಡಿನ ಮೇಲಿನ ಸೋಲಾರ್ ಕರೆಂಟಿಗೆ 2024ರ ಪಿ.ಎಂ. ಸೂರ್ಯಘರ್ ಯೋಜನೆ ಗೊತ್ತುಮಾಡಿದ ಸಹಾಯಧನ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟು 78,000 ರೂಪಾಯಿ. ತಿಂಗಳಿಗೆ 200 ಯೂನಿಟ್ ದಾಟುವ ದೊಡ್ಡ ಮನೆಗಳವರು ಯೋಚಿಸಲಿ. ಆದರೆ ಸಹಾಯಧನ ಕೈಗೆ ಬರುವುದು ಕೆಲಸ ಮುಗಿದು ತಪಾಸಣೆ ಆದ ಮೇಲೆ. ಕಂಪನಿಯವರಿಗೆ ಹಣ ಮೊದಲೇ ಬೇಕು. ಈ ನಡುವಿನ ಕಂದಕಕ್ಕೆ ಬಿದ್ದು ಹೊರಗೆ ಕೈಸಾಲ ಮಾಡುವ ಪ್ರಸಂಗ ಬರಬಾರದು. ಸಹಾಯಧನದಷ್ಟು ಮೊತ್ತವನ್ನು ಬೇರೆಯೇ ಅಲ್ಪಾವಧಿ ಸಾಲವಾಗಿ ಬರೆದು, ಖಾತೆಗೆ ಹಣ ಬಂದ ದಿನ ವಜಾ ಮಾಡಿಕೊಳ್ಳಲಿ.

ಕಂತಿನ ಮಾತು ಬಹಳ ಮುಖ್ಯ. ಉದಾಹರಣೆಗೆ 25,000 ರೂಪಾಯಿ, ನೂರಕ್ಕೆ ಹತ್ತರ ಬಡ್ಡಿ ಅನ್ನಿ. ಮೂರು ವರ್ಷಕ್ಕಾದರೆ ತಿಂಗಳ ಕಂತು ಸುಮಾರು 807 ರೂಪಾಯಿ, ಒಟ್ಟು ಬಡ್ಡಿ ನಾಲ್ಕು ಸಾವಿರದ ಆಸುಪಾಸು. ಐದು ವರ್ಷಕ್ಕಾದರೆ ಕಂತು 531ಕ್ಕೆ ಇಳಿಯುತ್ತದೆ, ಬಡ್ಡಿ ಏಳು ಸಾವಿರದ ಹತ್ತಿರ ಹೋಗುತ್ತದೆ. ಅಡಕೆ ಮಾರಿದ ಮೇಲೆ ವರ್ಷಕ್ಕೊಂದೇ ಕಂತು ಕಟ್ಟುತ್ತೇನೆ ಅಂದರೆ ಐದು ವರ್ಷ 6,600ರಂತೆ ಆಗುತ್ತದೆ, ಬಡ್ಡಿ ಸುಮಾರು ಎಂಟು ಸಾವಿರ. ಯಾವುದು ಒಳ್ಳೆಯದು ಅಂತ ನನ್ನ ಕೇಳಬೇಡಿ. ಡೈರಿಗೆ ಹಾಲು ಹಾಕುವವರಿಗೆ ಹಾಲಿನ ಬಟವಾಡೆಯಲ್ಲಿ ಸಣ್ಣ ಕಂತು ಮುರಿದುಕೊಳ್ಳುವುದು ಹಗುರ. ತೋಟದವರಿಗೆ ವರ್ಷದ ಕಂತು. ಕೂಲಿ ಮಾಡುವವರಿಗೆ ವಾರದ ಪಿಗ್ಮಿ. ಎಲ್ಲರಿಗೂ ಒಂದೇ ಅಂಗಿ ಹೊಲಿಸಿದರೆ ಸುಸ್ತಿದಾರರ ಪಟ್ಟಿ ಬೆಳೆಯುತ್ತದೆ, ಅಷ್ಟೆ. ಇನ್ನೊಂದು ಮಾತು: ಪಾಲಾಗದ ಮನೆ, ಅಜ್ಜನ ಹೆಸರಿನಲ್ಲೇ ಇರುವ ಖಾತೆ ನಮ್ಮೂರುಗಳಲ್ಲಿ ಎಷ್ಟಿಲ್ಲ! ಇಷ್ಟು ಸಣ್ಣ ಸಾಲಕ್ಕೆ ಮನೆಯ ಅಡವು ಕೇಳದೆ ಇಬ್ಬರು ಸದಸ್ಯರ ಜಾಮೀನಿನ ಮೇಲೆ ಕೊಡುವುದು ವಾಸಿ.

ಕೆಲಸವನ್ನು ಒಬ್ಬೊಬ್ಬರಾಗಿ ಮಾಡಿಸಬೇಡಿ. ಕೇರಿಯ ಹತ್ತು ಮನೆ ಒಟ್ಟಾದರೆ ಒಲೆ ಕಟ್ಟುವ ಮೇಸ್ತ್ರಿ ಹದಿನೈದು ದಿನ ಊರಲ್ಲೇ ನಿಲ್ಲುತ್ತಾನೆ. ಕೊಳವೆ, ಜಾಲರಿ, ಸಿಮೆಂಟನ್ನು ಸಂಘವೇ ಸಗಟಿನಲ್ಲಿ ತರಿಸಬಹುದು. ಗೊಬ್ಬರ ತರಿಸುವ ಸಂಘಕ್ಕೆ ಕೊಳವೆ ತರಿಸುವುದು ಕಷ್ಟವೇ? ಮೇಸ್ತ್ರಿಯ ಹಣದಲ್ಲಿ ಮೂರರಲ್ಲೊಂದು ಪಾಲನ್ನು ತಡೆಹಿಡಿದು, ಒಂದು ತಿಂಗಳು ಒಲೆ ಉರಿಸಿ ನೋಡಿ ಕೊಡಿ. ಊರಿನ ಇಬ್ಬರು ಹುಡುಗರಿಗೆ, ಹುಡುಗಿಯರಾದರೆ ಇನ್ನೂ ಚೆನ್ನ, ಒಲೆ ರಿಪೇರಿ ಕಲಿಸಿಡಿ. ಮುಂದೆ ಕೊಳವೆ ಒಡೆದರೆ ಪೇಟೆಗೆ ಫೋನ್ ಮಾಡಿ ಕಾಯಬೇಕಾಗುವುದಿಲ್ಲ.

ನೋಡುವುದು ಹೇಗೆ ಅಂತೀರಾ? ಅದಕ್ಕೆ ಇಂಜಿನಿಯರು ಬೇಡ. ಅಡಕೆ, ಗೊಬ್ಬರ ತೂಗುವ ತಕ್ಕಡಿ ಸಂಘದ ಗೋದಾಮಿನಲ್ಲಿದೆ. ಸಾಲದ ಅರ್ಜಿ ಹಾಕುವ ಮುಂಚೆ ಒಂದು ವಾರದ ಕಟ್ಟಿಗೆಯನ್ನು ತೂಗಿ ಬೇರೆ ಇಡಿ, ಅದರಿಂದಲೇ ಉರಿಸಿ, ವಾರದ ಕೊನೆಗೆ ಉಳಿದದ್ದನ್ನು ತೂಗಿ. ಹೊಸ ಒಲೆ ಕಟ್ಟಿದ ಮೇಲೆ ಅದೇ ಹಂಡೆ, ಅಷ್ಟೇ ಜನ, ಹಾಗೇ ಒಣಗಿದ ಕಟ್ಟಿಗೆ ಇಟ್ಟುಕೊಂಡು ಮತ್ತೆ ಒಂದು ವಾರ ತೂಗಿ. ಎರಡೂ ಅಂಕಿಯನ್ನು ಸಾಲದ ಕಡತದಲ್ಲೇ ಬರೆಯಿರಿ. ಕಟ್ಟಿಗೆ ಇಳಿದಿಲ್ಲವೆಂದರೆ ಮೇಸ್ತ್ರಿ ಬಂದು ಸರಿಪಡಿಸಬೇಕು, ಉಳಿಕೆ ಹಣ ಆಮೇಲೆ.

ಈ ಸಾಲಕ್ಕೆ ಉಪವಿಧಿಯಲ್ಲಿ ಅವಕಾಶವಿದೆಯೇ ಎಂಬುದನ್ನು ಆಡಳಿತ ಮಂಡಳಿ ನೋಡಿ ಬರುವ ಮಹಾಸಭೆಯ ಮುಂದಿಡಲಿ ಎಂದು ವಿನಂತಿ. ಅಷ್ಟರೊಳಗೆ ಹತ್ತು ಮನೆಯ ತಾಯಂದಿರು ತಮ್ಮ ವಾರದ ಕಟ್ಟಿಗೆಯ ತೂಕ ಬರೆದಿಟ್ಟುಕೊಂಡು ಬಂದರೆ ಚರ್ಚೆಗೆ ಒಂದು ಆಧಾರವಾಗುತ್ತದೆ.