ತಾಯಿಯ ಕಣ್ಣೀರು, ಮಗನ ಪಶ್ಚಾತ್ತಾಪ

(ಶತಮಾನೋತ್ಸವದ ಸಿದ್ಧತೆಗಾಗಿ ನಡೆದ ಧ್ಯಾನಕೂಟದಲ್ಲಿ ಮಾಡಿದ ಭಾಷಣ)



ಕಳೆದ 100 ವರ್ಷಗಳಲ್ಲಿ ಈ ದೇವಾಲಯದಲ್ಲಿ ನಡೆದ ಜ್ಞಾನಸ್ನಾನ, ವಿವಾಹ ಮತ್ತು ಮರಣಗಳ ವಿವರಗಳು ದಾಖಲೆ ಪುಸ್ತಕಗಳಲ್ಲಿ ಬರೆದಿಡಲ್ಪಟ್ಟಿವೆ. ಅವುಗಳಲ್ಲಿ ನಮ್ಮ ಅಜ್ಜ ಮುತ್ತಜ್ಜಂದಿರ ಹೆಸರುಗಳನ್ನು ಕಂಡು ನಾವು ಹರ್ಷಿಸುತ್ತೇವೆ. ಆದರೆ ಇದೇ 100 ವರ್ಷಗಳ ಕಾಲ ಇಲ್ಲಿ ನಿರಂತರವಾಗಿ ನಡೆದುಬಂದ ಒಂದು ಸಂಸ್ಕಾರಕ್ಕೆ ದಾಖಲೆ ಪುಸ್ತಕವೇ ಇಲ್ಲ. ಪಾಪನಿವೇದನೆಯ ಪೀಠದ ಮುಂದೆ ಎಷ್ಟು ಮಂದಿ ಮೊಣಕಾಲೂರಿದರು, ಏನು ಹೇಳಿ ಅತ್ತರು, ಎಷ್ಟು ಹಗುರವಾದ ಹೃದಯದಿಂದ ಎದ್ದುಹೋದರು ಎಂಬುದನ್ನು ಬಲ್ಲವನು ದೇವರೊಬ್ಬನೇ. ಬರೆಯದೆ ಉಳಿದ ಆ ಚರಿತ್ರೆಯೂ ಈ ಧರ್ಮಕೇಂದ್ರದ ಚರಿತ್ರೆಯೇ.

ಮನುಷ್ಯನನ್ನು ಬಹುಕಾಲ ಬಾಧಿಸುವ ತಪ್ಪುಗಳು ಹೆಚ್ಚಾಗಿ ಹೊರಗಿನವರಿಗೆ ಮಾಡಿದವುಗಳಲ್ಲ. ತಂದೆತಾಯಿಗಳಿಗೆ ಆಡಿದ ಒಂದು ಸುಳ್ಳು, ಆಸ್ತಿ ಪಾಲಾದಾಗ ತಮ್ಮನಿಗೆ ಎಸಗಿದ ಅನ್ಯಾಯ, ಕುಡಿತದಿಂದ ಹೆಂಡತಿ ಮಕ್ಕಳಿಗೆ ತಂದಿಟ್ಟ ಸಂಕಟ, ಇವು ಮುಪ್ಪಿನ ವಯಸ್ಸಿನಲ್ಲಿಯೂ ನಿದ್ದೆಗೆಡಿಸುತ್ತವೆ. ಇಂಥವುಗಳಿಗೆ ಕ್ಷಮೆ ಉಂಟೆ? ಈ ಪ್ರಶ್ನೆಗೆ ಉತ್ತರವನ್ನು ಒಬ್ಬ ಸಂತರ ಬಾಳಿನಲ್ಲಿ ಹುಡುಕೋಣ.

ಸಂತ ಅಗಸ್ಟೀನರನ್ನು ನಾವು ಮಹಾಜ್ಞಾನಿಯೆಂದೂ ಹಿಪ್ಪೊ ನಗರದ ಬಿಷಪರೆಂದೂ ಬಲ್ಲೆವು. ಅವರು ಹೆತ್ತ ತಾಯಿಯನ್ನು ವಂಚಿಸಿದ ಮಗನೂ ಆಗಿದ್ದರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಉತ್ತರ ಆಫ್ರಿಕದ ತಗಾಸ್ತೆಯಲ್ಲಿ 354ರಲ್ಲಿ ಜನಿಸಿದ ಅವರು 383ರ ವೇಳೆಗೆ ಕಾರ್ಥೇಜಿನಲ್ಲಿ ಭಾಷಣಕಲೆಯ ಉಪಾಧ್ಯಾಯರಾಗಿದ್ದರು. ಅಲ್ಲಿನ ವಿದ್ಯಾರ್ಥಿಗಳ ಪುಂಡಾಟಿಕೆಗೆ ಬೇಸತ್ತು ರೋಮಿಗೆ ಹೊರಡಲು ನಿಶ್ಚಯಿಸಿದರು. ವಿಧವೆಯಾದ ತಾಯಿ ಮೋನಿಕಾ ಸಮುದ್ರತೀರದವರೆಗೂ ಹಿಂಬಾಲಿಸಿ ಬಂದು, ಹಿಂದಿರುಗು ಇಲ್ಲವೇ ನನ್ನನ್ನೂ ಕರೆದುಕೊಂಡು ಹೋಗು ಎಂದು ಮಗನನ್ನು ಬಿಗಿಯಾಗಿ ಹಿಡಿದುಕೊಂಡರು. ಆಗ ಅಗಸ್ಟೀನರು ಸುಳ್ಳಾಡಿದರು. ತಾನು ಹೊರಟಿಲ್ಲ, ಗಾಳಿಗಾಗಿ ಕಾದಿರುವ ಗೆಳೆಯನನ್ನು ಬೀಳ್ಕೊಡಲು ಮಾತ್ರ ಬಂದಿದ್ದೇನೆಂದು ನಂಬಿಸಿದರು. ಹಡಗಿನ ಸಮೀಪದಲ್ಲಿದ್ದ ಸಂತ ಸಿಪ್ರಿಯಾನರ ಸ್ಮಾರಕ ಮಂದಿರದಲ್ಲಿ ಆ ರಾತ್ರಿಯನ್ನು ಕಳೆಯುವಂತೆ ತಾಯಿಯನ್ನು ಒಪ್ಪಿಸಿದರು. ಆಕೆ ಅಲ್ಲಿ ಪ್ರಾರ್ಥಿಸುತ್ತ ಅಳುತ್ತಿದ್ದಾಗಲೇ ಮಗ ಹಡಗೇರಿ ಹೊರಟುಹೋದರು. ಬೆಳಗಾದಾಗ ಆ ತಾಯಿಯ ಪಾಲಿಗೆ ಉಳಿದದ್ದು ಬರಿದಾದ ತೀರ.

ಇದನ್ನು ನಮಗೆ ತಿಳಿಸಿದವರು ಯಾರು? ಅಗಸ್ಟೀನರೇ. ಹತ್ತು ವರ್ಷಗಳಿಗೂ ಮೀರಿದ ಕಾಲ ಕಳೆದ ಮೇಲೆ, ಬಿಷಪರಾಗಿದ್ದಾಗ, ‘ಕನ್‌ಫೆಶನ್ಸ್’ ಎಂಬ ತಮ್ಮ ಗ್ರಂಥದಲ್ಲಿ ಅವರೇ ಇದನ್ನು ಬರೆದರು. ವಿದ್ಯಾರ್ಥಿಗಳ ಮೇಲಾಗಲಿ, ತಾಯಿಯ ಅತಿಯಾದ ಮಮತೆಯ ಮೇಲಾಗಲಿ ತಪ್ಪನ್ನು ಹೊರಿಸದೆ, ತಾಯಿಗೆ, ಅದೂ ಅಂತಹ ತಾಯಿಗೆ, ಸುಳ್ಳು ಹೇಳಿದೆನೆಂದು ಒಪ್ಪಿಕೊಂಡರು. ದೇವರು ಅದನ್ನೂ ಕರುಣೆಯಿಂದ ಕ್ಷಮಿಸಿದನೆಂದು ಸಾಕ್ಷಿ ನುಡಿದರು. ಇಲ್ಲಿ ನಾವು ಕಲಿಯಬೇಕಾದ ಮೊದಲ ಪಾಠವಿದೆ. ತಪ್ಪನ್ನು ಅದರ ನಿಜವಾದ ಹೆಸರಿನಿಂದ ಕರೆದವನಿಗೆ ಕ್ಷಮೆ ಹತ್ತಿರ; ನೆಪಗಳನ್ನು ಪೋಣಿಸುವವನಿಗೆ ಅದು ದೂರ. ಸಂತ ಲೂಕನ ಶುಭಸಂದೇಶದ ದುಂದುಗಾರ ಮಗನೂ ಬರಗಾಲವನ್ನು ದೂರಲಿಲ್ಲ. ತಾನು ಪಾಪ ಮಾಡಿದೆನೆಂದಷ್ಟೇ ತಂದೆಗೆ ಹೇಳಿದನು.

ಮೋನಿಕಾ ಮಗನನ್ನು ಕೈಬಿಡಲಿಲ್ಲ. ಕಡಲನ್ನು ದಾಟಿ ಮಿಲಾನಿಗೆ ಬಂದು ಆತನನ್ನು ಸೇರಿಕೊಂಡರು. 387ರ ಪಾಸ್ಕ ಜಾಗರಣೆಯ ರಾತ್ರಿ ಅಗಸ್ಟೀನರು ಬಿಷಪ್ ಸಂತ ಅಂಬ್ರೋಸರಿಂದ ಜ್ಞಾನಸ್ನಾನ ಪಡೆದರು. ಅದೇ ವರ್ಷ ಆಫ್ರಿಕಕ್ಕೆ ಮರಳುವ ದಾರಿಯಲ್ಲಿ, ಒಸ್ತಿಯಾ ಬಂದರಿನಲ್ಲಿ, ತಾಯಿ ಜ್ವರಕ್ಕೆ ತುತ್ತಾಗಿ ತಮ್ಮ 56ನೆಯ ವಯಸ್ಸಿನಲ್ಲಿ ಮರಣಹೊಂದಿದರು. ಆ ಕೊನೆಯ ಕಾಯಿಲೆಯಲ್ಲಿ ಮಗನು ಉಪಚಾರ ಮಾಡುತ್ತಿದ್ದಾಗ ಆಕೆ ಆತನನ್ನು ಒಳ್ಳೆಯ ಮಗನೆಂದು ಕೊಂಡಾಡಿ, ಆತನ ಬಾಯಿಂದ ಒಂದು ಕಟುನುಡಿಯನ್ನೂ ಕೇಳಿಲ್ಲವೆಂದು ಹೇಳಿದರಂತೆ. ಕಾರ್ಥೇಜಿನ ಆ ರಾತ್ರಿಯನ್ನು ತಾಯಿ ಲೆಕ್ಕಕ್ಕೇ ಹಿಡಿಯಲಿಲ್ಲ. ಕ್ಷಮಿಸುವವರ ರೀತಿ ಇದು. ಇದು ಎರಡನೆಯ ಪಾಠ.

ಆದರೆ ಪ್ರಿಯರೇ, ಅಗಸ್ಟೀನರ ಬಾಳಿನಲ್ಲಿ ಸರಿಹೋಗದ ಒಂದು ಗಾಯವೂ ಉಂಟು. ಅವರೊಡನೆ ಸುಮಾರು ಹದಿನೈದು ವರ್ಷ ಬಾಳಿ, ಅದೆಯೊದಾತ ಎಂಬ ಮಗನನ್ನು ಹೆತ್ತ ಒಬ್ಬ ಸ್ತ್ರೀ ಇದ್ದಳು. ಮಿಲಾನಿನಲ್ಲಿ ಅಂತಸ್ತಿಗೆ ತಕ್ಕ ವಿವಾಹದ ಏರ್ಪಾಟಾದಾಗ ಆಕೆಯನ್ನು ಆಫ್ರಿಕಕ್ಕೆ ಕಳುಹಿಸಿಬಿಟ್ಟರು. ಮಗನನ್ನು ತಂದೆಯ ಬಳಿಯಲ್ಲೇ ಬಿಟ್ಟು ಆಕೆ ಒಬ್ಬಳೇ ಹೊರಟುಹೋದಳು. ಆ ಅಗಲಿಕೆಯಿಂದ ತಮ್ಮ ಹೃದಯ ಸೀಳಿ ನೆತ್ತರು ಸುರಿಯಿತೆಂದು ಅಗಸ್ಟೀನರು ಬರೆದಿದ್ದಾರೆ. ಆಕೆಯ ಹೆಸರನ್ನು ಮಾತ್ರ ಬರೆದಿಲ್ಲ. ಆಕೆಯೊಡನೆ ಸಮಾಧಾನವಾದ ಸಂಗತಿ ಆ ಗ್ರಂಥದಲ್ಲಿಲ್ಲ. ಕ್ಷಮೆ ದೊರೆತ ಸಂತರಿಗೂ ಎಲ್ಲವನ್ನೂ ಸರಿಪಡಿಸುವ ಅವಕಾಶ ದೊರೆಯಲಿಲ್ಲ.

ಆದುದರಿಂದಲೇ ತಾಯಿ ಧರ್ಮಸಭೆಯು ನಮ್ಮನ್ನು ಎಚ್ಚರಿಸುತ್ತದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1459ನೆಯ ಪರಿಚ್ಛೇದದ ಬೋಧನೆಯಂತೆ, ಪಾಪವಿಮೋಚನೆಯು ಪಾಪವನ್ನು ನೀಗಿಸುತ್ತದೆ; ಆದರೆ ಪಾಪದಿಂದಾದ ಎಲ್ಲ ಹಾನಿಯನ್ನೂ ತಾನಾಗಿ ಸರಿಪಡಿಸುವುದಿಲ್ಲ. ನೆರೆಯವನಿಗಾದ ಕೆಡುಕನ್ನು ಸಾಧ್ಯವಿದ್ದಷ್ಟು ನಾವು ತುಂಬಿಕೊಡಬೇಕು. ಜಕ್ಕಾಯನು ತಾನು ಮೋಸದಿಂದ ಪಡೆದುದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಡನೆ ಸಮಾಧಾನವಾಗಬೇಕೆಂದು ಯೇಸುಸ್ವಾಮಿ ಆಜ್ಞಾಪಿಸಿದರು. ಗುರುಗಳ ಮುಂದೆ ಕಣ್ಣೀರಿಟ್ಟು, ತಮ್ಮನ ಪಾಲಿನ ಹೊಲವನ್ನು ಮಾತ್ರ ಬಿಟ್ಟುಕೊಡದಿದ್ದರೆ ಆ ಪಶ್ಚಾತ್ತಾಪ ಅರ್ಧ ದಾರಿಯಲ್ಲೇ ನಿಂತಿತು. ಬೆಂಗಳೂರಿಗೋ ಕೊಲ್ಲಿ ದೇಶಕ್ಕೋ ದುಡಿಯಲು ಹೋಗಿ ತಾಯಿಯನ್ನು ಮರೆತವನು ಇಂದೇ ಆಕೆಯೊಡನೆ ಮಾತನಾಡಲಿ. ಬಾಗಿಲು ತೆರೆಯುವ ಕೈಗಳು ಇರುವಾಗಲೇ ಬಾಗಿಲನ್ನು ತಟ್ಟಬೇಕು.

ಆ ಕೈಗಳು ಈಗಾಗಲೇ ಮಣ್ಣು ಸೇರಿದ್ದರೆ? ಮೋನಿಕಾ ಸಾಯುವ ಮುನ್ನ ಮಕ್ಕಳಲ್ಲಿ ಬೇಡಿದ್ದು ಒಂದನ್ನೇ. ತನ್ನ ದೇಹವನ್ನು ಎಲ್ಲಿಯಾದರೂ ಹೂಳಲಿ, ಆದರೆ ಮಕ್ಕಳು ಎಲ್ಲಿಯೇ ಇರಲಿ ಪ್ರಭುವಿನ ಪೀಠದ ಬಳಿ ತನ್ನನ್ನು ಸ್ಮರಿಸಲಿ ಎಂದು. ಅಗಸ್ಟೀನರು ಆ ಕೋರಿಕೆಯನ್ನು ನಡೆಸಿದ್ದಲ್ಲದೆ, ತಮ್ಮ ಗ್ರಂಥವನ್ನು ಓದುವವರೂ ತಮ್ಮ ತಂದೆತಾಯಿಗಳನ್ನು ಪೀಠದ ಬಳಿ ನೆನೆಯಲೆಂದು ಬೇಡಿಕೊಂಡರು. ತೀರಿಹೋದ ತಂದೆಯ ಕಾಲು ಹಿಡಿಯಲು ಸಾಧ್ಯವಿಲ್ಲದವನು ಅವರ ಆತ್ಮಕ್ಕಾಗಿ ಪೂಜೆಯನ್ನು ಅರ್ಪಿಸಬಲ್ಲನು. ತಂದೆಗೆ ಸಲ್ಲಿಸದ ಸೇವೆಯನ್ನು ಇನ್ನೊಬ್ಬ ವೃದ್ಧರಿಗೆ ಸಲ್ಲಿಸಬಲ್ಲನು. ಪಶ್ಚಾತ್ತಾಪ ತಡವಾಗಿ ಬಂದರೂ ಕ್ರಿಸ್ತನ ಪೀಠದ ಬಳಿ ಅದಕ್ಕೆ ಸ್ಥಳವುಂಟು.

ಪೂರ್ವದಲ್ಲಿ ಮೇ 4ರಂದು ಆಚರಿಸುತ್ತಿದ್ದ ಸಂತ ಮೋನಿಕಾರ ಸ್ಮರಣೆಯನ್ನು 1969ರ ಪಂಚಾಂಗ ಪರಿಷ್ಕರಣೆಯಲ್ಲಿ ಆಗಸ್ಟ್ 27ಕ್ಕೆ ಬದಲಾಯಿಸಲಾಯಿತು. ಮರುದಿನವೇ, ಆಗಸ್ಟ್ 28, ಮಗನ ಹಬ್ಬ. ಒಂದು ರಾತ್ರಿ ತೀರದಲ್ಲಿ ತಾಯಿಯನ್ನು ಬಿಟ್ಟುಹೋದ ಮಗನನ್ನು ಧರ್ಮಸಭೆ ಈಗ ಪ್ರತಿವರ್ಷ ತಾಯಿಯ ಬೆನ್ನಿಗೇ ಸ್ಮರಿಸುತ್ತದೆ.

ಪ್ರಿಯರೇ, ದೇವಾಲಯಕ್ಕೆ ಹೊಸ ಬಣ್ಣ ಬಂದಿದೆ, ದೀಪಾಲಂಕಾರವೂ ಆಗಲಿದೆ. ಹಬ್ಬದ ದಿನ ಬರುವ ಮುನ್ನ ನಮ್ಮಲ್ಲಿ ಪ್ರತಿಯೊಬ್ಬರೂ ಎರಡು ಹೆಜ್ಜೆಗಳನ್ನಿಡೋಣ. ಒಂದು, ಪಾಪನಿವೇದನೆಯ ಪೀಠದ ಕಡೆಗೆ. ಇನ್ನೊಂದು, ನಾವು ನೋಯಿಸಿದವರ ಮನೆಯ ಕಡೆಗೆ. ದಯಾಮಯನಾದ ತಂದೆಯು ನಮ್ಮ ಕುಟುಂಬಗಳನ್ನು ಒಂದುಗೂಡಿಸಲಿ. ಆಮೆನ್.